ತೂಕದ ಒಳಗುಟ್ಟು ಹುಡುಕಿದ ಆರ್ಕಿಮಿಡೀಸ್

ನಿಮ್ಮ ಚೀಲದಲ್ಲಿರುವ ಸ್ಕೇಲನ್ನು ಹೊರಗೆ ತೆಗೆಯಿರಿ. ಎರಡೂ ಕೈಗಳ ತೋರುಬೆರಳನ್ನು ಮುಂದೆ ಚಾಚಿ. ಸ್ಕೇಲಿನ ಎರಡು ತುದಿಗಳು ಆ ಎರಡು ಬೆರಳುಗಳ ಮೇಲೆ ಕೂರುವಂತೆ ಇಟ್ಟುಕೊಳ್ಳಿ. ಈಗ ಕಣ್ಣು ಮುಚ್ಚಿ, ಬೆರಳುಗಳನ್ನು ನಿಧಾನವಾಗಿ ಒಂದರ ಹತ್ತಿರಕ್ಕೆ ಇನ್ನೊಂದನ್ನು ತನ್ನಿ. ಎರಡೂ ಬೆರಳು ಒಂದಕ್ಕೊಂದು ತಾಗಿದ ಮೇಲೆ ಕಣ್ಣು ಬಿಡಿ. ಸ್ಕೇಲು ಬಿದ್ದಿಲ್ಲ, ಅಲ್ಲವೇ? ಬೆರಳುಗಳು ಸೇರಿರುವ ಜಾಗ ಯಾವುದು ನೋಡಿ. 30 ಸೆಂಟಿಮೀಟರ್ ಸ್ಕೇಲಾದರೆ ಅದು 15ರ ಗುರುತಿನ ಹತ್ತಿರ ಇರುತ್ತದೆ.

ಈಗ ಸ್ಕೇಲಿನ ಒಂದು ತುದಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಮತ್ತೆ ಹಾಗೆಯೇ ಮಾಡಿ. ಈ ಸಲವೂ ಸ್ಕೇಲು ಬೀಳುವುದಿಲ್ಲ. ಆದರೆ ಬೆರಳುಗಳು ಸೇರುವ ಜಾಗ ಮಣ್ಣಿನ ಕಡೆಗೆ ಸರಿದಿರುತ್ತದೆ. ನಿಮಗೆ ಗೊತ್ತಿಲ್ಲದಿದ್ದರೂ ನಿಮ್ಮ ಬೆರಳುಗಳು ಸರಿಯಾದ ಜಾಗವನ್ನು ತಾವೇ ಹುಡುಕಿಕೊಂಡವು!

ಇದು ಹೇಗಾಯಿತು? ಆ ಜಾಗಕ್ಕೆ ಯಾವ ಬೆರಳು ಹತ್ತಿರವಿದೆಯೋ ಅದರ ಮೇಲೆ ಹೆಚ್ಚು ಭಾರ ಬೀಳುತ್ತದೆ. ಭಾರ ಹೆಚ್ಚಾದರೆ ಉಜ್ಜಾಟವೂ ಹೆಚ್ಚು. ಆ ಬೆರಳು ಜಾರದೆ ನಿಲ್ಲುತ್ತದೆ, ಇನ್ನೊಂದು ಬೆರಳು ಜಾರಿ ಮುಂದೆ ಬರುತ್ತದೆ. ಅದು ಹತ್ತಿರ ಬಂದೊಡನೆ ಅದರ ಮೇಲೆ ಭಾರ ಹೆಚ್ಚುತ್ತದೆ, ಆಗ ಮೊದಲನೆಯದು ಜಾರುತ್ತದೆ. ಹೀಗೆ ಸರದಿಯ ಮೇಲೆ ಜಾರುತ್ತಾ ಎರಡೂ ಒಂದೇ ಕಡೆ ಸೇರುತ್ತವೆ. ವಸ್ತುವಿನ ಭಾರವೆಲ್ಲಾ ಒಂದೇ ಕಡೆ ಕೂಡಿದೆಯೋ ಎಂಬಂತೆ ನಡೆದುಕೊಳ್ಳುವ ಆ ಬಿಂದುವೇ ಗುರುತ್ವ ಕೇಂದ್ರ.

ಈಗ ನಿಮಗೊಂದು ಪ್ರಶ್ನೆ. ಬಿಸಿಯೂಟದ ಅಡುಗೆಮನೆಯಿಂದ ಒಂದು ಗಜ್ಜರಿ ಕೇಳಿ ತನ್ನಿ. ಗಜ್ಜರಿಯ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಅದಕ್ಕೆ ದಾರ ಸುತ್ತಿ, ಎತ್ತಲೂ ವಾಲದೆ ನೆಟ್ಟಗೆ ಅಡ್ಡಲಾಗಿ ತೂಗುವ ಜಾಗವನ್ನು ಹುಡುಕಿ. ಸರಿಯಾಗಿ ಅಲ್ಲಿಗೇ ಕತ್ತರಿಸಿದರೆ ಎರಡು ತುಂಡುಗಳಾಗುತ್ತವೆ. ಒಂದು ದಪ್ಪನೆಯ ಗಿಡ್ಡ ತುಂಡು, ಇನ್ನೊಂದು ಸಣ್ಣನೆಯ ಉದ್ದ ತುಂಡು. ಇವೆರಡರ ತೂಕ ಸಮವೇ? ಸಮವಲ್ಲದಿದ್ದರೆ ಯಾವುದು ಹೆಚ್ಚು? ನಿಮ್ಮ ಉತ್ತರವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಮುಂದೆ ಓದಿ. ಏಕೆಂದರೆ ಈ ಪ್ರಶ್ನೆಗೆ ಉತ್ತರ ಹೇಳುವ ನಿಯಮವನ್ನು ಸಾಧಿಸಿ ತೋರಿಸಿದವನು ಇಂದಿಗೆ ಸುಮಾರು 2,250 ವರ್ಷಗಳ ಹಿಂದೆ ಬಾಳಿದ ಒಬ್ಬ ಮನುಷ್ಯ. ಅವನೇ ಆರ್ಕಿಮಿಡೀಸ್.

ಕಡಲ ತೀರದ ಊರು

ಭೂಪಟದಲ್ಲಿ ಇಟಲಿ ದೇಶವನ್ನು ಹುಡುಕಿ. ಅದು ಬೂಟಿನ ಆಕಾರದಲ್ಲಿದೆ. ಆ ಬೂಟಿನ ತುದಿಯ ಹತ್ತಿರ ಒಂದು ದೊಡ್ಡ ದ್ವೀಪ ಕಾಣುತ್ತದೆ. ಅದು ಸಿಸಿಲಿ. ಅದರ ಪೂರ್ವ ತೀರದಲ್ಲಿ ಸಿರಾಕ್ಯೂಸ್ ಎಂಬ ಊರಿದೆ. ಆ ಕಾಲದಲ್ಲಿ ಅಲ್ಲಿ ನೆಲೆಸಿದ್ದವರು ಗ್ರೀಕರು. ಆರ್ಕಿಮಿಡೀಸ್ ಹುಟ್ಟಿದ್ದು ಅಲ್ಲಿಯೇ, ಸುಮಾರು ಕ್ರಿ.ಪೂ. 287ರಲ್ಲಿ. ಅವನ ತಂದೆ ಫಿಡಿಯಾಸ್ ಖಗೋಳ ಶಾಸ್ತ್ರಜ್ಞ. ಸೂರ್ಯ ಚಂದ್ರರ ಗಾತ್ರವನ್ನು ಲೆಕ್ಕ ಹಾಕುತ್ತಿದ್ದವನು. ಈ ಸಂಗತಿಯನ್ನು ಆರ್ಕಿಮಿಡೀಸನೇ ತನ್ನ ಒಂದು ಪುಸ್ತಕದಲ್ಲಿ ತಿಳಿಸಿದ್ದಾನೆ.

ಆಗ ಸಿರಾಕ್ಯೂಸಿನ ಅರಸನಾಗಿದ್ದವನು ಎರಡನೆಯ ಹೈರೋ. ಅವನು ಆರ್ಕಿಮಿಡೀಸನಿಗೆ ಆಪ್ತ. ಆ ಕಾಲದ ದೊಡ್ಡ ವಿದ್ಯಾಕೇಂದ್ರ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರ. ಅಲ್ಲಿನ ಪಂಡಿತರ ಜೊತೆ ಆರ್ಕಿಮಿಡೀಸನಿಗೆ ಪತ್ರ ವ್ಯವಹಾರವಿತ್ತು. ಅವರಲ್ಲಿ ಒಬ್ಬ ಎರಟೋಸ್ತನೀಸ್. ನೆರಳನ್ನು ಅಳೆದು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ ಮಹಾಶಯ ಅವನೇ. ಈಗಿನಂತೆ ಆಗ ವಿಜ್ಞಾನ ಪತ್ರಿಕೆಗಳು ಇರಲಿಲ್ಲ. ಆರ್ಕಿಮಿಡೀಸ್ ಹೊಸದೇನನ್ನಾದರೂ ಕಂಡುಹಿಡಿದರೆ ಅದನ್ನು ಬರೆದು ಕಡಲಾಚೆಯ ಗೆಳೆಯರಿಗೆ ಕಳುಹಿಸುತ್ತಿದ್ದ. ಹಡಗಿನಲ್ಲಿ ಹೋದ ಆ ಬರಹಗಳೇ ಇಂದು ನಮಗೆ ಉಳಿದಿರುವ ಅವನ ಪುಸ್ತಕಗಳು.

ಎಲ್ಲರಿಗೂ ಗೊತ್ತಿದ್ದುದನ್ನೇ ಏಕೆ ಎಂದು ಕೇಳಿದವನು

ತಕ್ಕಡಿ ಆರ್ಕಿಮಿಡೀಸ್ ಹುಟ್ಟುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಇತ್ತು. ಈಜಿಪ್ಟಿನವರ ಹಳೆಯ ಚಿತ್ರಗಳಲ್ಲಿ ತಕ್ಕಡಿ ಇದೆ. ದೊಡ್ಡ ಬಂಡೆಯನ್ನು ಮೀಟಲು ಜನ ಉದ್ದನೆಯ ಕೋಲು ಬಳಸುತ್ತಿದ್ದರು. ನಿಮ್ಮ ಊರಿನಲ್ಲಿ ಕಲ್ಲು ಕೆಲಸದವರು ಹಾರೆಯಿಂದ ಬಂಡೆ ಮೀಟುವುದನ್ನು ನೀವೂ ನೋಡಿರಬಹುದು. ಹಾರೆಯ ತುದಿಯನ್ನು ಬಂಡೆಯ ಅಡಿಗೆ ತೂರಿಸಿ, ಪಕ್ಕದಲ್ಲೊಂದು ಚಿಕ್ಕ ಕಲ್ಲನ್ನು ಆಧಾರವಾಗಿಟ್ಟು, ಇನ್ನೊಂದು ತುದಿಯನ್ನು ಅದುಮುತ್ತಾರೆ. ನಾಲ್ಕು ಜನ ಎತ್ತಲಾರದ ಬಂಡೆ ಒಬ್ಬನ ಅದುಮಿಗೆ ಮೇಲೇಳುತ್ತದೆ. ಹೀಗೆ ಕೆಲಸ ಮಾಡುವ ಕೋಲಿಗೆ ಸನ್ನೆ ಎಂದು ಹೆಸರು.

ಸನ್ನೆಯಿಂದ ಕೆಲಸ ಹಗುರವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಏಕೆ ಹಗುರವಾಗುತ್ತದೆ, ಎಷ್ಟು ಹಗುರವಾಗುತ್ತದೆ ಎಂಬುದನ್ನು ಲೆಕ್ಕವಾಗಿ ಸಾಧಿಸಿ ಬರೆದಿಟ್ಟ ಪುಸ್ತಕಗಳಲ್ಲಿ ನಮಗೆ ಉಳಿದಿರುವ ಅತಿ ಮುಖ್ಯವಾದದ್ದು ಆರ್ಕಿಮಿಡೀಸನದು. ಸಮತಟ್ಟಾದ ಆಕಾರಗಳ ಸಮತೋಲನವನ್ನು ಕುರಿತು ಅವನು ಎರಡು ಭಾಗಗಳ ಒಂದು ಪುಸ್ತಕ ಬರೆದ.

ಆ ಪುಸ್ತಕ ಶುರುವಾಗುವುದು ಯಾರೂ ಇಲ್ಲ ಎನ್ನಲಾಗದ ಮಾತುಗಳಿಂದ. ಸಮ ತೂಕಗಳನ್ನು ಆಧಾರದಿಂದ ಸಮ ದೂರದಲ್ಲಿಟ್ಟರೆ ಕೋಲು ಎತ್ತಲೂ ವಾಲುವುದಿಲ್ಲ. ಸಮ ತೂಕಗಳನ್ನು ಬೇರೆ ಬೇರೆ ದೂರದಲ್ಲಿಟ್ಟರೆ ಹೆಚ್ಚು ದೂರದಲ್ಲಿರುವ ಕಡೆಗೆ ವಾಲುತ್ತದೆ. ಇವು ಒಂದನೆಯ ತರಗತಿಯ ಮಗುವಿಗೂ ತಿಳಿಯುವ ಮಾತುಗಳು. ಇಂಥ ಕೆಲವೇ ಮಾತುಗಳನ್ನು ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾ ಆರ್ಕಿಮಿಡೀಸ್ ದೊಡ್ಡ ನಿಯಮವೊಂದನ್ನು ತಲುಪಿದ. ಅದನ್ನು ನೀವೇ ಕಂಡುಕೊಳ್ಳಬಹುದು.

ಚಟುವಟಿಕೆ 1: ನಾಣ್ಯಗಳ ಏರುಪೇರು

ಬೇಕಾಗುವ ವಸ್ತುಗಳು: 30 ಸೆಂಟಿಮೀಟರ್ ಉದ್ದದ ಸ್ಕೇಲು, ಆರು ಮೂಲೆಯ ಪೆನ್ಸಿಲು, ಒಂದೇ ಬಗೆಯ ಮೂರು ನಾಣ್ಯಗಳು.

ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ಸ್ಕೇಲನ್ನು ಅಡ್ಡಲಾಗಿ ಇಡಿ. 15ರ ಗುರುತು ಪೆನ್ಸಿಲಿನ ಮೇಲೆ ಬರಲಿ. ಒಂದು ನಾಣ್ಯವನ್ನು 5ರ ಗುರುತಿನ ಮೇಲೂ ಇನ್ನೊಂದನ್ನು 25ರ ಗುರುತಿನ ಮೇಲೂ ಇಡಿ. ನಾಣ್ಯದ ನಡುಭಾಗ ಗುರುತಿನ ಮೇಲೆ ಇರಬೇಕು. ಸ್ಕೇಲು ಸಮನಾಗಿ ನಿಲ್ಲುತ್ತದೆ. ಈಗ 25ರಲ್ಲಿರುವ ನಾಣ್ಯದ ಮೇಲೆ ಮೂರನೆಯ ನಾಣ್ಯವನ್ನು ಇಡಿ. ಆ ಕಡೆ ಸ್ಕೇಲು ತಗ್ಗುತ್ತದೆ. ಎರಡೂ ನಾಣ್ಯಗಳನ್ನು ಒಟ್ಟಿಗೆ ನಿಧಾನವಾಗಿ ಒಳಕ್ಕೆ ಸರಿಸುತ್ತಾ ಬನ್ನಿ. ಎಲ್ಲಿ ಬಂದಾಗ ಸ್ಕೇಲು ಮತ್ತೆ ಸಮವಾಗುತ್ತದೆ?

20ರ ಗುರುತಿನ ಹತ್ತಿರ. ಅಂದರೆ ಆಧಾರದಿಂದ 5 ಸೆಂಟಿಮೀಟರ್ ದೂರದಲ್ಲಿ. ಈಗ ಲೆಕ್ಕ ನೋಡಿ. ಎಡಗಡೆ 1 ನಾಣ್ಯ, 10 ಸೆಂಟಿಮೀಟರ್ ದೂರ. ಗುಣಿಸಿದರೆ 10. ಬಲಗಡೆ 2 ನಾಣ್ಯ, 5 ಸೆಂಟಿಮೀಟರ್ ದೂರ. ಗುಣಿಸಿದರೆ 10. ಎರಡೂ ಸಮ! ತೂಕ ಎರಡರಷ್ಟಾದರೆ ದೂರ ಅರ್ಧವಾಗಬೇಕು. ತೂಕ ಮೂರರಷ್ಟಾದರೆ ದೂರ ಮೂರನೆಯ ಒಂದು ಭಾಗವಾಗಬೇಕು. ಇದೇ ಸನ್ನೆಯ ನಿಯಮ.

ಈಗ ಗಜ್ಜರಿಯ ಪ್ರಶ್ನೆಗೆ ಬನ್ನಿ. ದಪ್ಪ ತುಂಡು ಗಿಡ್ಡ. ಅದರ ಭಾರವೆಲ್ಲಾ ದಾರದ ಹತ್ತಿರವೇ ಇದೆ. ಸಣ್ಣ ತುಂಡು ಉದ್ದ. ಅದರ ಭಾರ ದಾರದಿಂದ ದೂರಕ್ಕೆ ಚಾಚಿಕೊಂಡಿದೆ. ಹತ್ತಿರವಿರುವ ಭಾರ ದೂರವಿರುವ ಭಾರಕ್ಕೆ ಸರಿಸಾಟಿಯಾಗಬೇಕಾದರೆ ಅದು ಹೆಚ್ಚಾಗಿರಲೇಬೇಕು. ಹಾಗಾಗಿ ದಪ್ಪ ತುಂಡಿನ ತೂಕವೇ ಹೆಚ್ಚು. ನಂಬಿಕೆ ಬಾರದಿದ್ದರೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ. ಗುರುತ್ವ ಕೇಂದ್ರ ಎಂದರೆ ತೂಕವನ್ನು ಸಮಪಾಲು ಮಾಡುವ ಜಾಗವಲ್ಲ. ತೂಕ ಮತ್ತು ದೂರ ಎರಡೂ ಸೇರಿ ಸರಿದೂಗುವ ಜಾಗ. ಇದನ್ನು ಚೆನ್ನಾಗಿ ನೆನಪಿಡಿ.

ತ್ರಿಕೋನದ ಹೊಕ್ಕುಳು

ಆರ್ಕಿಮಿಡೀಸ್ ಕೋಲಿಗೇ ನಿಲ್ಲಲಿಲ್ಲ. ಅಗಲವಾದ ಆಕಾರಗಳ ಗುರುತ್ವ ಕೇಂದ್ರ ಎಲ್ಲಿರುತ್ತದೆ ಎಂದೂ ಹುಡುಕಿದ. ಸಮಾಂತರ ಚತುರ್ಭುಜದಲ್ಲಿ ಅದು ಕರ್ಣಗಳು ಕೂಡುವ ಜಾಗದಲ್ಲಿದೆ ಎಂದು ಸಾಧಿಸಿದ. ಹಾಗಾದರೆ ತ್ರಿಕೋನದಲ್ಲಿ?

ಚಟುವಟಿಕೆ 2: ಪೆನ್ಸಿಲ್ ತುದಿಯ ಮೇಲೆ ತ್ರಿಕೋನ

ಹಳೆಯ ನೋಟುಪುಸ್ತಕದ ರಟ್ಟಿನಿಂದ ಒಂದು ತ್ರಿಕೋನ ಕತ್ತರಿಸಿ. ಮೂರು ಬಾಹುಗಳೂ ಬೇರೆ ಬೇರೆ ಅಳತೆಯವಾಗಿರಲಿ. ಒಂದೊಂದು ಬಾಹುವಿನ ನಡುವನ್ನೂ ಅಳೆದು ಗುರುತು ಮಾಡಿ. ಪ್ರತಿ ಮೂಲೆಯಿಂದ ಎದುರು ಬಾಹುವಿನ ನಡುಗುರುತಿಗೆ ಗೆರೆ ಎಳೆಯಿರಿ. ಇವೇ ತ್ರಿಕೋನದ ಮಧ್ಯರೇಖೆಗಳು. ಮೂರೂ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವನ್ನು ಮೊಂಡಾದ ಪೆನ್ಸಿಲಿನ ತುದಿಯ ಮೇಲೆ ಇಟ್ಟು ಕೈ ಬಿಡಿ. ತ್ರಿಕೋನ ತಟ್ಟೆಯಂತೆ ಅಡ್ಡಲಾಗಿ ನಿಲ್ಲುತ್ತದೆ. ಬಿಂದುವನ್ನು ಸ್ವಲ್ಪ ತಪ್ಪಿಸಿ ಇಟ್ಟರೆ ಬಿದ್ದುಹೋಗುತ್ತದೆ.

ಇದಾಯಿತೇ? ಈಗ ಸ್ಕೇಲಿನಿಂದ ಅಳೆಯಿರಿ. ಆ ಬಿಂದು ಮಧ್ಯರೇಖೆಯನ್ನು ಎರಡು ಭಾಗ ಮಾಡಿದೆ. ಮೂಲೆಯ ಕಡೆಯ ಭಾಗ ಬಾಹುವಿನ ಕಡೆಯ ಭಾಗದ ಎರಡರಷ್ಟಿದೆ. ನೀವು ಯಾವ ಆಕಾರದ ತ್ರಿಕೋನ ಕತ್ತರಿಸಿದರೂ ಹೀಗೆಯೇ ಬರುತ್ತದೆ. ನಾವು ಹತ್ತು ತ್ರಿಕೋನ ಕತ್ತರಿಸಿ ನೋಡಿದರೆ ಹತ್ತಕ್ಕೆ ಮಾತ್ರ ಹೇಳಬಹುದು. ಆರ್ಕಿಮಿಡೀಸ್ ಸಾಧಿಸಿದ್ದು ಎಲ್ಲ ತ್ರಿಕೋನಗಳಿಗೂ, ಇನ್ನು ಮುಂದೆ ಯಾರಾದರೂ ಬರೆಯಬಹುದಾದ ತ್ರಿಕೋನಗಳಿಗೂ.

ಚಟುವಟಿಕೆ 3: ಅಡ್ಡಾದಿಡ್ಡಿ ಆಕಾರಗಳಿಗೆ ಉಪಾಯ

ರಟ್ಟಿನಲ್ಲಿ ಎಲೆಯೋ ಆನೆಯೋ ಕರ್ನಾಟಕದ ನಕ್ಷೆಯೋ ನಿಮಗಿಷ್ಟವಾದ ಆಕಾರವನ್ನು ಕತ್ತರಿಸಿ. ಇದಕ್ಕೆ ಮಧ್ಯರೇಖೆ ಎಳೆಯಲಾಗದು. ಆದರೆ ತೂಗುಹಾಕಿದ ವಸ್ತು ಅಲ್ಲಾಡುವುದನ್ನು ನಿಲ್ಲಿಸಿದಾಗ ಅದರ ಗುರುತ್ವ ಕೇಂದ್ರವು ತೂಗುಹಾಕಿದ ಬಿಂದುವಿನ ನೇರ ಕೆಳಗೆ ಬಂದು ನಿಲ್ಲುತ್ತದೆ. ಈ ವಿಚಾರವನ್ನೂ ಆರ್ಕಿಮಿಡೀಸ್ ತನ್ನ ಇನ್ನೊಂದು ಪುಸ್ತಕದಲ್ಲಿ ಬಳಸಿದ್ದಾನೆ. ನಾವೂ ಬಳಸೋಣ.

ರಟ್ಟಿನ ಅಂಚಿನಲ್ಲಿ ಮೂರು ಕಡೆ ತೂತು ಮಾಡಿ. ಒಂದು ದಾರದ ತುದಿಗೆ ಚಿಕ್ಕ ಕಲ್ಲು ಕಟ್ಟಿ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗುಂಡು ಇಳಿಬಿಡುತ್ತಾರಲ್ಲ, ಹಾಗೆ. ಗೋಡೆಯ ಮೊಳೆಗೆ ರಟ್ಟನ್ನು ಮೊದಲ ತೂತಿನಿಂದ ತೂಗುಹಾಕಿ. ರಟ್ಟು ಸಲೀಸಾಗಿ ಅಲ್ಲಾಡುವಂತಿರಬೇಕು. ಅದೇ ಮೊಳೆಗೆ ಕಲ್ಲಿನ ದಾರವನ್ನೂ ಕಟ್ಟಿ. ಎರಡೂ ನಿಂತ ಮೇಲೆ ದಾರದ ಉದ್ದಕ್ಕೂ ರಟ್ಟಿನ ಮೇಲೆ ಗೆರೆ ಎಳೆಯಿರಿ. ಉಳಿದ ಎರಡು ತೂತುಗಳಿಂದಲೂ ಹೀಗೆಯೇ ಮಾಡಿ. ಗೆರೆಗಳು ಕೂಡುವ ಜಾಗವೇ ಗುರುತ್ವ ಕೇಂದ್ರ. ಮೊಳೆ ಹೊಡೆಯುವಾಗ, ತೂತು ಮಾಡುವಾಗ ಗುರುಗಳ ಸಹಾಯ ಪಡೆಯಿರಿ.

ಒಂದು ಬಳೆಯನ್ನು ಹೀಗೆ ತೂಗುಹಾಕಿದರೆ ಅದರ ಗುರುತ್ವ ಕೇಂದ್ರ ಎಲ್ಲಿ ಬರುತ್ತದೆ? ಯೋಚಿಸಿ. ಬಳೆಯ ನಡುವಿನ ಬಯಲಿನಲ್ಲಿ! ಅಲ್ಲಿ ಗಾಜೂ ಇಲ್ಲ, ಲೋಹವೂ ಇಲ್ಲ. ಗುರುತ್ವ ಕೇಂದ್ರ ವಸ್ತುವಿನ ಒಳಗೇ ಇರಬೇಕೆಂದೇನೂ ಇಲ್ಲ.

ಬೀಳದ ಹಕ್ಕಿ

ಚಟುವಟಿಕೆ 4: ರಟ್ಟಿನಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರ ಬರೆದು ಕತ್ತರಿಸಿ. ರೆಕ್ಕೆಗಳು ಹಿಂದಕ್ಕೆ ಬಾಗದೆ ಮುಂದಕ್ಕೆ ಬಾಗಿರಲಿ. ರೆಕ್ಕೆಯ ತುದಿಗಳು ಕೊಕ್ಕಿಗಿಂತ ಸ್ವಲ್ಪ ಮುಂದೆ ಚಾಚಿರಬೇಕು. ಎರಡೂ ರೆಕ್ಕೆಗಳ ತುದಿಗೆ ಅಡಿಯಲ್ಲಿ ಒಂದೊಂದು ನಾಣ್ಯವನ್ನು ಅಂಟಿಸಿ. ರೆಕ್ಕೆಗಳನ್ನು ತುಸು ಕೆಳಕ್ಕೆ ಬಾಗಿಸಿ. ಈಗ ಹಕ್ಕಿಯ ಕೊಕ್ಕನ್ನು ಬೆರಳ ತುದಿಯ ಮೇಲಿಡಿ. ಬಾಲ ಕೆಳಗೆ ಹೋದರೆ ನಾಣ್ಯಗಳನ್ನು ಇನ್ನಷ್ಟು ಮುಂದಕ್ಕೆ ಸರಿಸಿ, ತಲೆ ಕೆಳಗಾದರೆ ಹಿಂದಕ್ಕೆ ಸರಿಸಿ. ಸರಿಯಾದಾಗ ಹಕ್ಕಿ ಕೊಕ್ಕಿನ ಮೇಲೆಯೇ ಗಾಳಿಯಲ್ಲಿ ತೇಲುವಂತೆ ನಿಲ್ಲುತ್ತದೆ. ಮೆಲ್ಲಗೆ ತಟ್ಟಿದರೂ ತೂಗಾಡುತ್ತದೆಯೇ ಹೊರತು ಬೀಳುವುದಿಲ್ಲ.

ಹೀಗೇಕೆ? ನಾಣ್ಯಗಳ ಭಾರದಿಂದ ಹಕ್ಕಿಯ ಗುರುತ್ವ ಕೇಂದ್ರ ಕೊಕ್ಕಿನ ನೇರಕ್ಕೆ ಬಂತು. ರೆಕ್ಕೆ ಕೆಳಕ್ಕೆ ಬಾಗಿರುವುದರಿಂದ ಅದು ಕೊಕ್ಕಿಗಿಂತ ತುಸು ಕೆಳಗೂ ಇಳಿಯಿತು. ಹಕ್ಕಿ ವಾಲಿದಾಗ ಗುರುತ್ವ ಕೇಂದ್ರ ಮೇಲೇರಬೇಕಾಗುತ್ತದೆ. ಭಾರವಾದದ್ದು ತಾನಾಗಿ ಮೇಲೇರಿ ನಿಲ್ಲದು, ಕೆಳಗಿಳಿದು ಮೊದಲಿನ ಜಾಗಕ್ಕೇ ಬರುತ್ತದೆ. ಎಷ್ಟು ಸಲ ಕೆಡವಿದರೂ ಎದ್ದು ನಿಲ್ಲುವ ತಂಜಾವೂರು ಗೊಂಬೆಯ ಗುಟ್ಟೂ ಇದೇ. ಅದರ ಬುಡ ದುಂಡಗೆ, ಭಾರವಾಗಿದೆ. ಗುರುತ್ವ ಕೇಂದ್ರ ತೀರಾ ಕೆಳಗಿದೆ.

ನಿಮ್ಮ ದೇಹಕ್ಕೂ ಗುರುತ್ವ ಕೇಂದ್ರವಿದೆ. ಅದು ಪಾದಗಳ ನೇರ ಮೇಲಿರುವವರೆಗೆ ನೀವು ಬೀಳುವುದಿಲ್ಲ. ಒಂದು ಕೈಯಲ್ಲಿ ನೀರು ತುಂಬಿದ ಬಿಂದಿಗೆ ಹಿಡಿದಾಗ ನಿಮ್ಮ ಮೈ ಇನ್ನೊಂದು ಕಡೆಗೆ ವಾಲುವುದು ಇದಕ್ಕೇ. ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಂತು, ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು ನೋಡಿ. ಆಗುವುದಿಲ್ಲ! ಬಗ್ಗುವಾಗ ನಮ್ಮ ಸೊಂಟ ಹಿಂದೆ ಸರಿಯಬೇಕು. ಗೋಡೆ ಅದಕ್ಕೆ ಬಿಡುವುದಿಲ್ಲ. ಮುಂದೆ ಒಬ್ಬ ಗೆಳೆಯನನ್ನು ನಿಲ್ಲಿಸಿಕೊಂಡೇ ಇದನ್ನು ಮಾಡಿ.

ಕಿರೀಟದ ಕಥೆ, ಹಡಗಿನ ಕಥೆ

ಆರ್ಕಿಮಿಡೀಸ್ ಎಂದೊಡನೆ ಎಲ್ಲರೂ ಹೇಳುವುದು ಚಿನ್ನದ ಕಿರೀಟದ ಕಥೆ. ಅಕ್ಕಸಾಲಿಗ ಕಿರೀಟಕ್ಕೆ ಬೆಳ್ಳಿ ಬೆರೆಸಿದ್ದಾನೆಂದು ಅರಸನಿಗೆ ಅನುಮಾನ. ಕಿರೀಟವನ್ನು ಕೆಡಿಸದೆ ಸತ್ಯ ತಿಳಿಯಬೇಕು. ಸ್ನಾನದ ತೊಟ್ಟಿಗೆ ಇಳಿದಾಗ ನೀರು ಹೊರಚೆಲ್ಲಿದ್ದನ್ನು ಕಂಡು ಆರ್ಕಿಮಿಡೀಸನಿಗೆ ಉಪಾಯ ಹೊಳೆಯಿತು, ಬಟ್ಟೆಯ ಪರಿವೆಯೂ ಇಲ್ಲದೆ ಬೀದಿಗೆ ಓಡಿದ ಎಂಬುದು ಆ ಕಥೆ. ಇದನ್ನು ಬರೆದವನು ವಿಟ್ರೂವಿಯಸ್ ಎಂಬ ರೋಮನ್ ಶಿಲ್ಪಿ, ಆರ್ಕಿಮಿಡೀಸ್ ತೀರಿಹೋಗಿ ಸುಮಾರು 200 ವರ್ಷಗಳಾದ ಮೇಲೆ. ಆರ್ಕಿಮಿಡೀಸನ ಪುಸ್ತಕಗಳಲ್ಲಿ ಈ ಕಥೆ ಇಲ್ಲ. ಆದರೆ ನೀರಿನಲ್ಲಿ ಮುಳುಗಿದ ವಸ್ತು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ ಎಂಬ ನಿಯಮ ತೇಲುವ ವಸ್ತುಗಳನ್ನು ಕುರಿತ ಅವನ ಪುಸ್ತಕದಲ್ಲಿದೆ. ಕಥೆಗಿಂತ ನಿಯಮ ದೊಡ್ಡದು.

ಇನ್ನೊಂದು ಕಥೆಯನ್ನು ಪ್ಲುಟಾರ್ಕ್ ಎಂಬ ಲೇಖಕ ಹೇಳಿದ್ದಾನೆ. ನಿಲ್ಲಲು ಬೇರೊಂದು ನೆಲ ಸಿಕ್ಕರೆ ಈ ಭೂಮಿಯನ್ನೇ ಸರಿಸಬಲ್ಲೆ ಎಂಬರ್ಥದ ಮಾತನ್ನು ಆರ್ಕಿಮಿಡೀಸ್ ಅರಸನಿಗೆ ಹೇಳಿದನಂತೆ. ಅರಸ ತೋರಿಸು ಎಂದಾಗ, ಸರಕು ಮತ್ತು ಜನ ತುಂಬಿದ ಹಡಗಿಗೆ ರಾಟೆ ಹಗ್ಗಗಳನ್ನು ಜೋಡಿಸಿ, ದೂರದಲ್ಲಿ ಕುಳಿತು ಒಂದೇ ಕೈಯಿಂದ ಸಲೀಸಾಗಿ ಎಳೆದನಂತೆ. ಸನ್ನೆಯ ನಿಯಮ ಬಲ್ಲವರಿಗೆ ಆ ಮಾತಿನ ಅರ್ಥ ಸ್ಪಷ್ಟ. ಸನ್ನೆಯ ಉದ್ದ ಸಾಕಷ್ಟಿದ್ದರೆ ಎಷ್ಟು ದೊಡ್ಡ ಭಾರವನ್ನಾದರೂ ಚಿಕ್ಕ ಬಲ ಸರಿದೂಗಿಸುತ್ತದೆ.

ನೀವು ವೃತ್ತದ ಲೆಕ್ಕದಲ್ಲಿ 22/7 ಎಂದು ಬರೆಯುತ್ತೀರಲ್ಲ, ಅದರಲ್ಲೂ ಆರ್ಕಿಮಿಡೀಸನ ಕೆಲಸವಿದೆ. ವೃತ್ತದ ಒಳಗೂ ಹೊರಗೂ 96 ಬಾಹುಗಳ ಆಕೃತಿಗಳನ್ನು ಕಲ್ಪಿಸಿಕೊಂಡು, ಪರಿಧಿಯು ವ್ಯಾಸದ 22/7ರಷ್ಟಕ್ಕಿಂತ ಕಡಿಮೆ, 223/71ರಷ್ಟಕ್ಕಿಂತ ಹೆಚ್ಚು ಎಂದು ಅವನು ಸಾಧಿಸಿದ.

ಊರಿಗೆ ಬಂದ ಯುದ್ಧ

ಆಗ ಮೆಡಿಟರೇನಿಯನ್ ಕಡಲಿನ ಸುತ್ತ ರೋಮ್ ಮತ್ತು ಕಾರ್ತೇಜ್ ಎಂಬ ಎರಡು ಬಲಿಷ್ಠ ರಾಜ್ಯಗಳು ಹೋರಾಡುತ್ತಿದ್ದವು. ನಡುವೆ ಸಿಕ್ಕಿಕೊಂಡಿದ್ದ ಸಿರಾಕ್ಯೂಸನ್ನು ಅರಸ ಹೈರೋ ರೋಮಿನ ಗೆಳೆತನದಿಂದ ಬಹುಕಾಲ ಕಾಪಾಡಿದ. ಕ್ರಿ.ಪೂ. 215ರಲ್ಲಿ ಅವನು ತೀರಿಕೊಂಡ. ಅವನ ನಂತರ ಬಂದವರು ಕಾರ್ತೇಜಿನ ಪಕ್ಷ ಹಿಡಿದರು. ಸೇನಾಪತಿ ಮಾರ್ಸೆಲಸನ ಮುಂದಾಳುತನದಲ್ಲಿ ರೋಮನ್ ಸೈನ್ಯ ಸಿರಾಕ್ಯೂಸನ್ನು ಮುತ್ತಿತು. ಕಡಲಿನಲ್ಲಿ 60 ದೊಡ್ಡ ಹಡಗುಗಳು ಬಂದು ನಿಂತವು.

ಆರ್ಕಿಮಿಡೀಸನಿಗೆ ಆಗ 70 ವರ್ಷ ದಾಟಿತ್ತು. ಅವನು ಕಾಗದದ ಮೇಲಿನ ಸನ್ನೆಯನ್ನು ಊರಿನ ಗೋಡೆಯ ಮೇಲೆ ತಂದು ನಿಲ್ಲಿಸಿದ. ಗೋಡೆಯ ಮೇಲಿಂದ ಉದ್ದನೆಯ ತೊಲೆಗಳು ಹೊರಗೆ ಚಾಚುತ್ತಿದ್ದವು. ತೊಲೆಯ ತುದಿಯಿಂದ ಸರಪಳಿಗೆ ಕಟ್ಟಿದ ಕಬ್ಬಿಣದ ಕೊಕ್ಕೆ ಕೆಳಗಿಳಿದು ಹಡಗಿನ ಮೂತಿಯನ್ನು ಹಿಡಿಯುತ್ತಿತ್ತು. ಗೋಡೆಯ ಒಳಗಿದ್ದವರು ತೊಲೆಯ ಇನ್ನೊಂದು ತುದಿಯನ್ನು ಅದುಮುತ್ತಿದ್ದರು. ಹಡಗಿನ ಮೂತಿ ಮೇಲೆದ್ದು, ಹಡಗು ಬಾಲದ ಮೇಲೆ ನಿಲ್ಲುತ್ತಿತ್ತು. ಆಗ ತಟ್ಟನೆ ಕೊಕ್ಕೆ ಬಿಡಿಸಿದರೆ ಹಡಗು ಮಗುಚಿಕೊಳ್ಳುತ್ತಿತ್ತು, ಇಲ್ಲವೇ ನೀರು ತುಂಬಿಕೊಳ್ಳುತ್ತಿತ್ತು. ಹಾರೆಯಿಂದ ಬಂಡೆ ಮೀಟುವುದಕ್ಕೂ ಇದಕ್ಕೂ ನಿಯಮ ಒಂದೇ! ಕೊನೆಕೊನೆಗೆ ಗೋಡೆಯ ಮೇಲೆ ಒಂದು ಹಗ್ಗವೋ ಮರದ ತುಂಡೋ ಕಂಡರೂ ರೋಮನ್ ಸೈನಿಕರು ಹೆದರಿ ಓಡುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಮಾರ್ಸೆಲಸ್ ನೇರ ದಾಳಿ ಬಿಟ್ಟು ಊರನ್ನು ಸುತ್ತುವರಿದು ಕಾದು ಕುಳಿತ. ಕ್ರಿ.ಪೂ. 212ರಲ್ಲಿ ಊರಿನವರು ಹಬ್ಬದ ಗಡಿಬಿಡಿಯಲ್ಲಿದ್ದಾಗ, ಕಾವಲು ಕಡಿಮೆ ಇದ್ದ ಕಡೆ ಗೋಡೆ ಹತ್ತಿ ಸೈನಿಕರು ಒಳನುಗ್ಗಿದರು. ಸಿರಾಕ್ಯೂಸ್ ಬಿತ್ತು. ಆರ್ಕಿಮಿಡೀಸ್ ರೇಖಾಗಣಿತದ ಚಿತ್ರವೊಂದರಲ್ಲಿ ಮುಳುಗಿದ್ದಾಗ ಒಬ್ಬ ಸೈನಿಕ ಅವನನ್ನು ಕೊಂದ ಎಂದು ಹಳೆಯ ಲೇಖಕರು ಹೇಳುತ್ತಾರೆ. ಈ ಸುದ್ದಿ ಕೇಳಿ ಶತ್ರುವಾದ ಮಾರ್ಸೆಲಸನೇ ಮರುಗಿದ, ಆರ್ಕಿಮಿಡೀಸನ ಬಂಧುಗಳನ್ನು ಗೌರವದಿಂದ ಕಂಡ ಎಂದೂ ಬರೆದಿದ್ದಾರೆ. ಮಕ್ಕಳೇ, ಯುದ್ಧಕ್ಕೆ ಯಾರು ಯಾರೆಂಬ ಗುರುತಿರುವುದಿಲ್ಲ. ಅಂದು ಒಂದು ಕತ್ತಿಯ ಏಟಿಗೆ ಎಷ್ಟು ಯೋಚನೆಗಳು ಅರ್ಧಕ್ಕೇ ನಿಂತವೋ!

ಅವನ ಸಮಾಧಿಯ ಮೇಲೆ ಒಂದು ಸಿಲಿಂಡರ್ ಮತ್ತು ಅದರೊಳಗೆ ಕೂರುವ ಗೋಳವನ್ನು ಕೆತ್ತಿದ್ದರು. ಅದು ಅವನಿಗೆ ಬಹಳ ಮೆಚ್ಚಿನ ಸಾಧನೆ. ಒಂದೇ ಅಗಲ, ಒಂದೇ ಎತ್ತರದ ಶಂಕು, ಗೋಳ, ಸಿಲಿಂಡರ್‌ಗಳ ಗಾತ್ರ 1, 2, 3ರ ಪ್ರಮಾಣದಲ್ಲಿರುತ್ತದೆ. ಶಂಕುವಿನಲ್ಲಿ ಒಂದು ಲೋಟ ನೀರು ಹಿಡಿದರೆ ಗೋಳದಲ್ಲಿ ಎರಡು ಲೋಟ, ಸಿಲಿಂಡರಿನಲ್ಲಿ ಮೂರು ಲೋಟ ಹಿಡಿಯುತ್ತದೆ. ಅವನು ಸತ್ತು 137 ವರ್ಷಗಳಾದ ಮೇಲೆ, ಕ್ರಿ.ಪೂ. 75ರಲ್ಲಿ, ಸಿಸಿಲಿಯಲ್ಲಿ ಅಧಿಕಾರಿಯಾಗಿದ್ದ ಸಿಸಿರೋ ಎಂಬ ರೋಮನ್ ವಿದ್ವಾಂಸ ಆ ಸಮಾಧಿಯನ್ನು ಹುಡುಕಿದ. ಊರಿನವರಿಗೇ ಅದು ಮರೆತುಹೋಗಿತ್ತು. ಮುಳ್ಳುಪೊದೆಗಳ ನಡುವೆ ಇಣುಕುತ್ತಿದ್ದ ಗೋಳ ಮತ್ತು ಸಿಲಿಂಡರಿನಿಂದಲೇ ಅವನಿಗೆ ಗುರುತು ಸಿಕ್ಕಿತು.

ಅಳಿಸಿಹೋದ ಪುಸ್ತಕ

ಗೋಳದ ಗಾತ್ರವನ್ನು ಆರ್ಕಿಮಿಡೀಸ್ ಹೇಗೆ ಕಂಡುಹಿಡಿದ? ಅವನ ಸಾಧನೆಗಳನ್ನು ಓದಿದವರಿಗೆ ಎಲ್ಲವೂ ಸರಿಯೆನಿಸುತ್ತಿತ್ತು. ಆದರೆ ಮೊದಲಿಗೆ ಹೊಳೆದದ್ದು ಹೇಗೆಂದು ತಿಳಿಯುತ್ತಿರಲಿಲ್ಲ. ಅದನ್ನು ಅವನು ಒಂದು ಪುಸ್ತಕದಲ್ಲಿ ಬಿಚ್ಚಿ ಹೇಳಿ, ಎರಟೋಸ್ತನೀಸನಿಗೆ ಕಳುಹಿಸಿದ್ದ. ಆ ಪುಸ್ತಕ ನೂರಾರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮಲ್ಲಿ ಓಲೆಗರಿಯಲ್ಲಿ ಬರೆದಂತೆ ಆ ಕಡೆ ಹದಮಾಡಿದ ಚರ್ಮದ ಹಾಳೆಗಳ ಮೇಲೆ ಪುಸ್ತಕಗಳನ್ನು ಕೈಯಿಂದ ನಕಲು ಮಾಡುತ್ತಿದ್ದರು. ಆರ್ಕಿಮಿಡೀಸನ ಆ ಪುಸ್ತಕವನ್ನೂ ಬೇರೆ ಕೆಲವನ್ನೂ ಹತ್ತನೆಯ ಶತಮಾನದಲ್ಲಿ ಹೀಗೆ ನಕಲು ಮಾಡಿದ್ದರು. ಚರ್ಮ ದುಬಾರಿ. ಆದ್ದರಿಂದ 1229ರಲ್ಲಿ ಒಬ್ಬ ಬರಹಗಾರ ಆ ಹಾಳೆಗಳ ಮಸಿಯನ್ನು ಕೆರೆದು ತೆಗೆದು, ಹಾಳೆಗಳನ್ನು ತಿರುಗಿಸಿ ಮಡಚಿ, ಮೇಲೆ ಪ್ರಾರ್ಥನೆಗಳನ್ನು ಬರೆದ. ಆರ್ಕಿಮಿಡೀಸ್ ಪ್ರಾರ್ಥನೆಗಳ ಅಡಿಯಲ್ಲಿ ಹೂತುಹೋದ.

1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಈಗಿನ ಇಸ್ತಾಂಬುಲ್ ನಗರದಲ್ಲಿ ಆ ಪುಸ್ತಕವನ್ನು ನೋಡಿದ. ಪ್ರಾರ್ಥನೆಯ ಸಾಲುಗಳ ಅಡಿಯಲ್ಲಿ ಮಸುಕಾದ ಬೇರೆ ಅಕ್ಷರಗಳು ಅಡ್ಡಲಾಗಿ ಕಾಣುತ್ತಿದ್ದವು. ಭೂತಗನ್ನಡಿ ಹಿಡಿದು ಕಷ್ಟಪಟ್ಟು ಓದಿದಾಗ ಅದು ಆರ್ಕಿಮಿಡೀಸನ ಬರಹವೆಂದು ತಿಳಿಯಿತು. ಮುಂದೆ ಪುಸ್ತಕ ಮತ್ತೆ ಕಣ್ಮರೆಯಾಯಿತು. 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 20 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರು ಅದನ್ನು ಅಧ್ಯಯನಕ್ಕೆಂದು ಅಮೆರಿಕದ ಬಾಲ್ಟಿಮೋರ್ ನಗರದ ವಾಲ್ಟರ್ಸ್ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಿದರು. ವಿಜ್ಞಾನಿಗಳು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಹಾಳೆಗಳ ಚಿತ್ರ ತೆಗೆದರು. ಹಳೆಯ ಮಸಿಯಲ್ಲಿ ಕಬ್ಬಿಣದ ಅಂಶವಿತ್ತು. ಶಕ್ತಿಯುತವಾದ ಎಕ್ಸ್ ಕಿರಣಗಳಿಂದ ಆ ಕಬ್ಬಿಣವನ್ನು ಗುರುತಿಸಿ, ಬಣ್ಣದ ಚಿತ್ರಗಳ ಅಡಿಯಲ್ಲಿ ಅಡಗಿದ್ದ ಅಕ್ಷರಗಳನ್ನೂ ಓದಿದರು. 2008ರಲ್ಲಿ ಆ ಚಿತ್ರಗಳನ್ನೆಲ್ಲಾ ಯಾರು ಬೇಕಾದರೂ ನೋಡುವಂತೆ ಪ್ರಕಟಿಸಲಾಯಿತು.

ಆ ಪುಸ್ತಕದಲ್ಲಿ ಏನಿತ್ತು ಗೊತ್ತೇ? ತಕ್ಕಡಿ! ಆರ್ಕಿಮಿಡೀಸ್ ಮನಸ್ಸಿನಲ್ಲೇ ಒಂದು ತಕ್ಕಡಿ ಕಟ್ಟಿಕೊಂಡಿದ್ದ. ಗೋಳ, ಶಂಕು, ಸಿಲಿಂಡರ್‌ಗಳನ್ನು ತೆಳುವಾದ ಬಿಲ್ಲೆಗಳಂತೆ ಸೀಳಿ, ಒಂದೊಂದು ಬಿಲ್ಲೆಯನ್ನೂ ಆ ತಕ್ಕಡಿಯಲ್ಲಿ ತೂಗಿ, ಸನ್ನೆಯ ನಿಯಮದಿಂದ ಗಾತ್ರವನ್ನು ಊಹಿಸಿದ್ದ. ಊಹೆ ಸರಿಯೆಂದು ಆಮೇಲೆ ರೇಖಾಗಣಿತದಿಂದ ಸಾಧಿಸಿದ್ದ. ನೀವು ನಾಣ್ಯಗಳಿಂದ ಮಾಡಿದ ಆಟವನ್ನೇ ಅವನು ಮನಸ್ಸಿನಲ್ಲಿ ಆಡಿದ್ದ. ತನ್ನ ಈ ದಾರಿ ತಿಳಿದರೆ ಈಗಿರುವವರೋ ಮುಂದೆ ಹುಟ್ಟಲಿರುವವರೋ ತನಗೆ ಹೊಳೆಯದ ಹೊಸ ಸಂಗತಿಗಳನ್ನು ಕಂಡುಹಿಡಿಯಬಹುದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ ಎಂಬ ಅರ್ಥ ಬರುವಂತೆ ಆ ಪುಸ್ತಕದ ಮೊದಲಲ್ಲಿ ತಿಳಿಸಿದ್ದ.

ಮುಂದೆ ಹುಟ್ಟಲಿರುವವರು ಎಂದಾಗ ಅದರಲ್ಲಿ ನೀವೂ ಸೇರುತ್ತೀರಿ, ಅಲ್ಲವೇ?

ನಿಮಗೊಂದು ಸವಾಲು

ಪೆನ್ಸಿಲನ್ನು ಅದರ ಮೊನೆಯ ಮೇಲೆ ನಿಮ್ಮ ಬೆರಳಿನಲ್ಲಿ ನಿಲ್ಲಿಸಿ. ಬರಿಯ ಪೆನ್ಸಿಲು ನಿಲ್ಲುವುದಿಲ್ಲ. ಒಂದು ಅಡಿ ಉದ್ದದ ತಂತಿ ಮತ್ತು ಸಮನಾದ ಎರಡು ಜೇಡಿಮಣ್ಣಿನ ಉಂಡೆಗಳನ್ನು ಬಳಸಬಹುದು. ಪೆನ್ಸಿಲು, ತಂತಿ, ಮಣ್ಣು ಎಲ್ಲವೂ ಸೇರಿದ ಗುರುತ್ವ ಕೇಂದ್ರ ಮೊನೆಗಿಂತ ಕೆಳಗೆ ಬರುವಂತೆ ಮಾಡಬೇಕು. ಹೇಗೆಂದು ನಾವು ಹೇಳುವುದಿಲ್ಲ. ಹಕ್ಕಿಯನ್ನು ನಿಲ್ಲಿಸಿದವರಿಗೆ ಇದು ಕಷ್ಟವಲ್ಲ. ಮಾಡಿ, ಚಿತ್ರ ಬರೆದು, ನಿಂತದ್ದೇಕೆ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆದು ನಿಮ್ಮ ಗುರುಗಳಿಗೆ ತೋರಿಸಿ.